ಗಂಡಸರ ಕಡೆಯ ಓಕ್‌ಬುನ್ ಚಿಕ್ಕಮ್ಮ
ಕೊರಿಯಾದ ಬುಸಾನ್ ಊರಿನ ಮೀನುಪೇಟೆಯಲ್ಲಿ ಗಂಡಸರ ಶೌಚಾಲಯ ತೊಳೆಯುವ ಓಕ್‌ಬುನ್ ಚಿಕ್ಕಮ್ಮ ಯಾವ ಗಂಡಸಿಗೂ ಕಾಯುವವಳಲ್ಲ. ಬಕೆಟ್ಟನ್ನು ಕಾಲಲ್ಲಿ ತಳ್ಳುತ್ತ ಒಳಗೆ ನುಗ್ಗಿಬಿಡುತ್ತಾಳೆ. ಸಾಲಾಗಿ ನಿಂತ ವ್ಯಾಪಾರಿಗಳ ಕಾಲಸಂದಿಯಲ್ಲೇ ನೆಲ ಒರೆಸುತ್ತ, "ಇನ್ನೊಂದ್ ಹೆಜ್ಜೆ ಮುಂದೆ ನಿಂತ್ಕೊಳ್ಳಪ್ಪ, ನಿನ್ನ ಗುರಿ ಎಂಥದ್ದು ಅಂತ ನಂಗೊತ್ತು," ಎನ್ನುತ್ತಾಳೆ. ಅವರೂ ಅವಳನ್ನು ಕಂಬವೆಂದುಕೊಂಡು, ಬಂಗುಡೆಯ ಬೆಲೆ ಮಾತಾಡುತ್ತಲೇ ಕೆಲಸ ಮುಗಿಸುತ್ತಾರೆ. ಈಚೆಗೆ ಯಾರೋ ಬೇರೆ ಊರಿನ ಗಿರಾಕಿ ನಾಚಿಕೊಂಡು ದೂರು ಕೊಟ್ಟ. ಗಂಡಸರ ಕಡೆಗೆ ಗಂಡಾಳನ್ನೇ ಇಡೋಣವೆಂದು ವ್ಯಾಪಾರಿಗಳ ಸಂಘ ಸಭೆ ಸೇರಿತು. ಹನ್ನೊಂದು ವರ್ಷದ ಕೆಲಸ ಹೋಗುತ್ತದೆಂದು ಚಿಕ್ಕಮ್ಮ ಬಾಗಿಲ ಬಳಿ ನಿಂತು ಕಿವಿಗೊಟ್ಟಿದ್ದಳು. ಅವಳನ್ನು ಉಳಿಸಲೆಂದೇ ಅಧ್ಯಕ್ಷ ಪಾಂಗ್ ಎದ್ದ: "ಅಲ್ರಪ್ಪಾ, ಚಿಕ್ಕಮ್ಮನ್ನ ಹೆಂಗಸು ಅನ್ಕೊಂಡಿರೋರು ಇಲ್ಲಿ ಯಾರಾದ್ರೂ ಇದೀರಾ?" ಸಭೆ ಹೊಟ್ಟೆ ಹಿಡಿದು ನಕ್ಕಿತು, ಕೆಲಸ ಉಳಿಯಿತು. ಚಿಕ್ಕಮ್ಮನೂ ನಕ್ಕಳು, ಆದರೆ ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿಯಿತು. ಮರುದಿನ ತುಟಿಗೆ ಕೆಂಪು ಬಳಿದುಕೊಂಡು ಬಂದವಳು ಹೊಸ್ತಿಲಲ್ಲೇ ನಿಂತು, "ಹೆಂಗಸು ಬರ್ತಿದೀನಿ, ಮಾನ ಇರೋರು ಮುಚ್ಕೊಳ್ರೋ!" ಎಂದು ಕೂಗಿದಳು. ಒಳಗಿದ್ದ ಆರು ಗಂಡಸರು ಗಡಬಡಿಸಿ ಗೋಡೆಗೆ ಅಂಟಿಕೊಂಡರು; ಅವಸರದಲ್ಲಿ, ಅವರ ನಡುವೆಯೇ ಇದ್ದ ಅಧ್ಯಕ್ಷ ಪಾಂಗ್‌ನ ಪ್ಯಾಂಟು ಮೊಣಕಾಲಿನವರೆಗೂ ಒದ್ದೆಯಾಯಿತು.