ಗುದ್ಲೆಪ್ಪನ ಎಡೆ

ಹಿರೇಬೆಂಡಿಗೇರಿಯ ಶೇಖವ್ವನನ್ನು ಅವಳ ಭಾವ ಹೊಳಬಸಪ್ಪ ಒಂದು ಕಾಲಕ್ಕೆ "ಕಾಲೇಜ ಶೇಖವ್ವ" ಎಂದು ಚೇಷ್ಟೆ ಮಾಡುತ್ತಿದ್ದ. ಒಂದಕ್ಷರ ಓದಲು ಬಾರದ ಹೆಂಗಸು, ಸವಣೂರಿನ ಸಂತೆಗೆ ಬೆಣ್ಣೆ ಹೊತ್ತುಕೊಂಡು ಹೋದವಳು, ಬೆಣ್ಣೆ ಮಾರಿದ ಮೇಲೆ ನೆಟ್ಟಗೆ ಊರಿಗೆ ಬರದೆ ಸಂಸ್ಕೃತ ಕಾಲೇಜಿನ ಪುಸ್ತಕದ ಮನೆಗೆ ಹೋಗಿ ಕೂಡುತ್ತಾಳೆ ಎಂದರೆ ಯಾರಿಗಾದರೂ ನಗು ಬರಬೇಕು. ಯಾಕೆ ಹೋಗುತ್ತಾಳೆಂದು ಗೊತ್ತಾದ ದಿನ ಹೊಳಬಸಪ್ಪ ನಗುವುದನ್ನು ಬಿಟ್ಟ.

ಶೇಖವ್ವನ ತವರು ಮಾಸೂರು. ಮದಗದ ಕೆರೆಯ ನೀರುಂಡ ಗದ್ದೆಗಳ ನಡುವೆ ಬೆಳೆದವಳು. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲೇ ಗಂಡ ಗುದ್ಲೆಪ್ಪ ಎತ್ತುಗಳನ್ನು ಹಳ್ಳ ದಾಟಿಸುವುದನ್ನು ಕಂಡು ಅವಳು ದಂಡೆಯವರೆಗೆ ಓಡಿ ಹೋಗಿದ್ದಳು. ಹಳ್ಳ ದಂಡೆ ತುಂಬಿ ಹರಿಯುತ್ತಿತ್ತು. ಗುದ್ಲೆಪ್ಪ ಎತ್ತಿನ ಹಗ್ಗವನ್ನು ಎಡಗೈಯ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ನೀರಿಗೆ ಇಳಿದಿದ್ದ. ಆ ಊರಿನ ರೈತರೆಲ್ಲ ಹಾಗೆಯೇ ಮಾಡುತ್ತಿದ್ದರು.

"ಹಗ್ಗಾ ಬರೇ ಹಿಡಕೋಬೇಕು, ಕೈಗೆ ಸುತ್ತಬಾರ್ದು. ನಮ್ಮ ಮಾಸೂರಾಗ ಸಣ್ಣ ಹುಡುಗ್ರಿಗೂ ಗೊತ್ತೈತಿ," ಎಂದಳು ಅವನು ದಂಡೆಗೆ ಬಂದ ಮೇಲೆ.

"ನಿಮ್ಮ ಮಾಸೂರಾಗ ನೀರು ನಿಂತಿರತೈತಿ. ನಮ್ಮ ನೀರು ಓಡತೈತಿ," ಎಂದು ಗುದ್ಲೆಪ್ಪ ಧೋತರ ಹಿಂಡುತ್ತ ನಕ್ಕ. "ಎತ್ತು ಬಿಟ್ಟು ನಾ ಒಬ್ಬನಽ ಮನಿಗಿ ಬಂದ್ರ ನಮ್ಮವ್ವ ಒಳಗ ಕರಕೊಂತಾಳೇನು?"

ಒಳಗೆ ಕರೆಯದಿರುವ ಅವ್ವನಲ್ಲ ಅವಳು. ವೀರವ್ವನಿಗೆ ಈ ಕಿರಿಮಗನೆಂದರೆ ಜೀವ. ಅವನು ಹೊಲದಿಂದ ಬರುವವರೆಗೆ ಒಂದು ತುತ್ತು ರೊಟ್ಟಿ ಮುರಿಯುತ್ತಿರಲಿಲ್ಲ. ಎಷ್ಟು ಹೊತ್ತಾದರೂ ಬಾಗಿಲ ಕಡೆ ನೋಡುತ್ತ ಕೂಡುತ್ತಿದ್ದಳು.

೧೯೪೧ರಲ್ಲಿ ಪಲಟಣದವರು ಹಾನಗಲ್ಲಿಗೆ ಬಂದು ಲಡಾಯಿಗೆ ಆಳು ಆರಿಸುತ್ತಿದ್ದರು. ಹಾನಗಲ್ಲಿಗೆ ಎತ್ತು ಕೊಳ್ಳಲು ಹೋಗಿದ್ದ ಗುದ್ಲೆಪ್ಪ ಅಲ್ಲಿ ಒಂದು ಹೇಸರಗತ್ತೆ ಹತ್ತಿರ ಬಂದವರನ್ನೆಲ್ಲ ಒದೆಯುವುದನ್ನು ನೋಡಿದ. ಸುಮ್ಮನೆ ನೋಡಿ ಬರಬೇಕಾಗಿತ್ತು. ಅವನು ಅದರ ಕಿವಿಯ ಹಿಂದೆ ಕೆರೆದ, ಏನೋ ಪಿಸುಗುಟ್ಟಿದ, ಅದು ತಲೆ ತಗ್ಗಿಸಿ ನಿಂತಿತು. ಸಾಹೇಬ ಅಲ್ಲಿಯೇ ಅವನ ಹೆಸರು ಬರೆಸಿಕೊಂಡ. "ಗುಂಡು ಹಾರಸೂದಲ್ಲ ಅವ್ವಾ, ಹೇಸರಗತ್ತಿ ಕಾಯೂದು. ಎರಡು ವರ್ಷಕ್ಕ ಬರ್ತೇನಿ," ಎಂದು ತಾಯಿಯ ಕಾಲು ಮುಟ್ಟಿದ. ಹೊರಡುವಾಗ ದನದ ಹಟ್ಟಿಗೆ ಹೋಗಿ ಎತ್ತುಗಳ ಬೆನ್ನು ಸವರಿದ, ಆಮೇಲೆ ಶೇಖವ್ವನ ಕಡೆ ನೋಡಿದ.

ಮೂರನೆಯ ವರ್ಷ ತಾರು ಬಂತು. ಗುದ್ಲೆಪ್ಪ ಇಟಲಿ ಎಂಬ ದೇಶದಲ್ಲಿ ಪತ್ತೆಯಿಲ್ಲ ಎಂದಿತ್ತು. ಸತ್ತಿದ್ದಾನೆ ಎಂದೂ ಇರಲಿಲ್ಲ, ಇದ್ದಾನೆ ಎಂದೂ ಇರಲಿಲ್ಲ.

ಆ ವರ್ಷದ ಮಹಾನವಮಿ ಅಮಾವಾಸ್ಯೆಗೆ ಮನೆಯಲ್ಲಿ ಕಷ್ಟ ಸುರುವಾಯಿತು. ಅಂದು ತೀರಿಹೋದ ಹಿರಿಯರಿಗೆ ಎಡೆ ಇಡುವ ಹಬ್ಬ. ಒಬ್ಬೊಬ್ಬರಿಗೆ ಒಂದೊಂದು ಎಲೆ, ಹೊಸ ಬಟ್ಟೆ. ಬಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಮನೆಯವರೆಲ್ಲ ಹೊರಗೆ ಬಂದು ಕೂಡುತ್ತಾರೆ. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಕೆಮ್ಮಿ ಸಪ್ಪಳ ಮಾಡಿ ಬಾಗಿಲು ತೆಗೆಯುತ್ತಾರೆ.

"ಗುದ್ಲೆಪ್ಪಗೂ ಒಂದು ಎಡಿ ಇಡ್ರಿ," ಎಂದಳು ವೀರವ್ವ. "ಕನಸಿನ್ಯಾಗ ಬಂದು ಬಾಗಲದಾಗ ನಿಂದರತಾನ. ಅವ್ವಾ ಹಸದೇನಿ ಅಂತಾನ. ಒಳಗ ಬಾರೋ ಅಂದ್ರ ಬರವಲ್ಲ. ಎಡಿ ಇಡದ ಹೆಂಗ ಬಂದಾನು?"

"ಅತ್ತಿ, ಬದಕಿದ್ದಾವರಿಗೆ ಎಡಿ ಇಟ್ರ ಅವರ ಆಯುಷ್ಯ ಹೋಗತೈತಿ ಅಂತ ನನಗ ಹೇಳಿದಾಕಿ ನೀನಽ."

"ಸತ್ತಾವಗ ಇಡದಿದ್ರ ಉಪಾಸ ತಿರಗತಾನ ಅಂತ್ಲೂ ನಾನಽ ಹೇಳೇನಿ."

ಇಬ್ಬರೂ ಹೊಳಬಸಪ್ಪನ ಮುಖ ನೋಡಿದರು. ಹೊಳಬಸಪ್ಪ ಬಹಳ ಹೊತ್ತು ಹೆಗಲ ಮೇಲಿನ ಟವೆಲ್ಲು ತಿರುವಿದ. "ಕುಂಕಮ ಆಕೀದು, ಅವ್ವಾ. ಆಕಿ ಹೂಂ ಅನ್ನೂತನಕ ನಾ ಎಲಿ ಹಾಕೂದಿಲ್ಲ," ಎಂದ. ಶೇಖವ್ವ ಹೂಂ ಎನ್ನಲಿಲ್ಲ. ಅಂದು ವೀರವ್ವ ಉಣ್ಣಲಿಲ್ಲ.

ಸವಣೂರಿನಲ್ಲಿ ಅವಳ ಹತ್ತಿರ ಬೆಣ್ಣೆ ಕೊಳ್ಳುತ್ತಿದ್ದವರು ಪದ್ಮಾಬಾಯಿ. ಅವರ ಯಜಮಾನರು ಜಯತೀರ್ಥಾಚಾರ್ಯರು. ಮಠದ ಹಿಂದಿನ ಪಾಠಶಾಲೆಯನ್ನು ಊರವರು ಸಂಸ್ಕೃತ ಕಾಲೇಜು ಎನ್ನುತ್ತಿದ್ದರು. ಅಲ್ಲಿನ ಪುಸ್ತಕಗಳೆಲ್ಲ ಆಚಾರ್ಯರ ಸ್ವಾಧೀನದಲ್ಲಿದ್ದವು. "ನಮ್ಮ ಮನೀಯವರನ್ನ ಕೇಳ ಶೇಖವ್ವಾ. ಉಪ್ಪಿನಕಾಯಿ ಭರಣಿ ಎಲ್ಲಿ ಅದ ಅಂತ ಗೊತ್ತಿರೂದಿಲ್ಲ, ಯಾವ ಪುಸ್ತಕದಾಗ ಏನದ ಅಂತ ಮಾತ್ರ ಗೊತ್ತಿರ್ತದ," ಎಂದರು ಪದ್ಮಾಬಾಯಿ ಒಂದು ದಿನ ಅವಳ ಸಂಕಟ ಕೇಳಿಕೊಂಡು.

ಶೇಖವ್ವ ಬುಟ್ಟಿಯನ್ನು ಕೆಳಗಿಟ್ಟು ಪುಸ್ತಕದ ಮನೆಯ ಕಟ್ಟೆಯ ತುದಿಯಲ್ಲಿ ಮುದುಡಿ ಕುಳಿತಳು. ಒಳಗೆ ಹಳೆಯ ಕಾಗದದ ವಾಸನೆ. ಆಚಾರ್ಯರು ಹೊರಗೆ ಬಂದು ಅವಳ ಎದುರಿಗೆ ಕೂತು, "ಏನು ತಿಳೀಬೇಕಾಗೇದ ನಿನಗ? ಗಡಬಡಿ ಇಲ್ಲ, ಸಾವಕಾಶ ಹೇಳು," ಎಂದರು.

"ನಮ್ಮ ಮನಿಯಾವರು ಅದಾರೋ ಇಲ್ಲೋ, ಅಷ್ಟಽ ರೀ."

ಆಚಾರ್ಯರು ಎದ್ದು ಒಳಗೆ ಹೋಗಿ ಬಾಗಿಲಗಲದ ಒಂದು ಪುಸ್ತಕ ತಂದು ಇಬ್ಬರ ನಡುವೆ ಬಿಡಿಸಿದರು. ಅದರಲ್ಲಿ ಅಕ್ಷರ ಕಡಿಮೆ, ಬಣ್ಣ ಬಹಳ. "ಇದು ನಕಾಶೆ. ಇಲ್ಲಿ ನಾವಿದ್ದೀವಿ. ಇದೆಲ್ಲಾ ಸಮುದ್ರ. ಇದು ಇಟಲಿ."

ಹಿರೇಬೆಂಡಿಗೇರಿ ಎಲ್ಲಿ ಎಂದು ಕೇಳಿದಳು. ಇಷ್ಟು ಸಣ್ಣ ಊರು ಇದರಲ್ಲಿ ಇರುವುದಿಲ್ಲ ಎಂದರು. ಅವಳು ಅನುಮಾನಿಸುತ್ತ ಕೈ ಚಾಚಿದಳು. ಮುಟ್ಟು ಎಂದರು. ಹೆಬ್ಬೆರಳನ್ನು ನಮ್ಮ ಕಡೆ ಊರಿ ಕಿರುಬೆರಳನ್ನು ಇಟಲಿಗೆ ಚಾಚಿದರೆ ಒಂದು ಗೇಣು. ನಡುವೆ ನೀಲಿ, ಮರಳಿನ ಬಣ್ಣ, ಮತ್ತೆ ನೀಲಿ.

"ಅಲ್ಲಿ ಮಳಿ ಆಗತೈತೇನ್ರಿ?"

ಅದು ಅವರಿಗೆ ಗೊತ್ತಿರಲಿಲ್ಲ. ಮುಂದಿನ ಸಂತೆಗೆ ಹುಡುಕಿ ಇಡುತ್ತೇನೆ ಎಂದರು, ಇಟ್ಟರು. ಹೀಗೆ ಅದು ರೂಢಿಯಾಯಿತು. ಒಂದು ಸಂತೆಗೆ ಅವಳು ಒಂದು ಮಾತು ಕೇಳುವಳು, ಇನ್ನೊಂದು ಸಂತೆಗೆ ಅವರು ಪುಸ್ತಕದಲ್ಲಿ ಕಾಗದದ ತುಂಡು ಗುರುತಿಟ್ಟು ಕಾಯುವರು. ಅಲ್ಲಿ ಜೋಳ ಬೆಳೆಯುವುದಿಲ್ಲ, ಗೋದಿ ಬೆಳೆಯುತ್ತದೆ. ದ್ರಾಕ್ಷಿ ಇದೆ. ಗುಡ್ಡದ ಮೇಲೆ ಆಕಳು, ಆಡು ಸಾಕಿಕೊಂಡ ರೈತರಿದ್ದಾರೆ. ಚಳಿಗಾಲದಲ್ಲಿ ಆಣೆಕಲ್ಲಿನಂಥದೇ ಬಿಳಿ ಮಂಜು ಸಪ್ಪಳವಿಲ್ಲದೆ ಬೀಳುತ್ತದೆ.

ದಾರಿಯಲ್ಲಿ ಊರಿಗೆ ನಡೆಯುತ್ತ ಶೇಖವ್ವ ಇವನ್ನೆಲ್ಲ ಒಂದಕ್ಕೊಂದು ಜೋಡಿಸುತ್ತಿದ್ದಳು. ಅವನು ಗುಡ್ಡದಲ್ಲಿ ದಾರಿ ತಪ್ಪಿರಬೇಕು. ಯಾರೋ ರೈತರು ಒಳಗೆ ಕರೆದಿರಬೇಕು. ಅವರ ಆಕಳು ಒದೆಯುತ್ತಿರಬೇಕು, ಇವನು ಅದರ ಕಿವಿಯ ಹಿಂದೆ ಕೆರೆದಿರಬೇಕು. ದನ ಬಲ್ಲವನನ್ನು ಯಾರು ಬಿಟ್ಟಾರು? ಎರಡನೆಯ ವರ್ಷದ ಅಮಾವಾಸ್ಯೆಗೂ ಅವಳು ಎಡೆ ಇಡಗೊಡಲಿಲ್ಲ.

"ಗೋದಿ ರೊಟ್ಟಿ ತಿಂತಾರಂತ, ಅತ್ತಿ. ಹಸದಿಲ್ಲ ಅವರು," ಎಂದಳು.

"ಹೌದಾ?" ಎಂದಳು ವೀರವ್ವ. ಅವಳ ದನಿ ಆಗಲೇ ಸೋತಿತ್ತು. "ಹಂಗಾರ ನನ್ನ ಕನಸಿನ್ಯಾಗ ಬರಾವ ಯಾರು?"

ಒಂದು ಸಂತೆಯ ದಿನ ಶೇಖವ್ವ, ಆ ರೈತರು ಪರದೇಶದವರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೇನು, ಹಬ್ಬಕ್ಕೆ ಹೊಸ ಬಟ್ಟೆ ಕೊಡುತ್ತಾರೇನು ಎಂದು ಕೇಳಿದಳು. ಆಚಾರ್ಯರು ಅವಳ ಮುಖವನ್ನೇ ನೋಡಿದರು. ಅವಳ ಹಣೆಯ ಕುಂಕುಮವನ್ನು ನೋಡಿದರು. ಬಿಡಿಸಿಟ್ಟಿದ್ದ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

"ಶೇಖವ್ವಾ, ನೀ ಮೊದಲನೇ ದಿನ ಕೇಳಿದ್ದೊಂದು, ನಾ ಹುಡುಕಿ ಕೊಟ್ಟದ್ದೊಂದು. ಆ ದೇಶ ಹೆಂಗದ ಅಂತಷ್ಟ ಹೇಳಿಕೋತ ಬಂದೆ. ಅವನಿದ್ದಾನೋ ಇಲ್ಲೋ ಅನ್ನೋದು ಪುಸ್ತಕದಾಗ ಸಿಗೂದಿಲ್ಲ. ನೋಡಿದವ್ರು ಬೇಕು. ಇನ್ನ ಮ್ಯಾಲೆ ಮನಷ್ಯಾರನ್ನ ಹುಡುಕತೀನಿ."

ಅಂದಿನಿಂದ ವರ್ತಮಾನಪತ್ರಿಕೆ ಓದಲು ಬಂದವರನ್ನೆಲ್ಲ ಅವರು, ನಿಮ್ಮ ಓಣಿಯಲ್ಲಿ ಇಟಲಿಗೆ ಹೋಗಿ ಬಂದವರು ಯಾರಾದರೂ ಇದ್ದಾರೆಯೇ ಎಂದು ಕೇಳತೊಡಗಿದರು. ಲಡಾಯಿ ಮುಗಿದಿತ್ತು. ಆದರೂ ದಂಡಿನವರು ಊರಿಗೆ ಬರುವುದು ತಡವಾಗುತ್ತಿತ್ತು. ಶೇಖವ್ವ ಬೆಣ್ಣೆ ಮಾರಿ ಬಂದು ಕಟ್ಟೆಯ ತುದಿಯಲ್ಲಿ ಕೂಡುವಳು, ಅವರು ಇಲ್ಲವೆಂದು ತಲೆ ಆಡಿಸುವರು, ಅವಳು ಏಳುವಳು. ನಕಾಶೆಯನ್ನು ಅವಳು ಮತ್ತೆ ಕೇಳಲಿಲ್ಲ.

೧೯೪೬ರ ಶ್ರಾವಣದಲ್ಲಿ ವೀರವ್ವ ತೀರಿಕೊಂಡಳು. ಕಡೆಯ ದಿನ ಶೇಖವ್ವನ ಕೈ ಹಿಡಿದು, "ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ನನ್ನ ಕೈಲೆ ಅವಗ ಒಂದು ತುತ್ತು ಹೋಗಲಿಲ್ಲ ನೋಡು," ಎಂದಿದ್ದಳು.

ಭಾದ್ರಪದದಲ್ಲಿ ಆಚಾರ್ಯರು ಹಯಾತನನ್ನು ಹುಡುಕಿದರು. ಸವಣೂರಿನವನೇ. ದಂಡಿನಿಂದ ಬಂದು ಟಾಂಗಾ ಹೊಡೆಯುತ್ತಿದ್ದ, ಒಂದು ಕಾಲು ಎಳೆದು ನಡೆಯುತ್ತಿದ್ದ. ಗುದ್ಲೆಪ್ಪನ ಜೊತೆಯಲ್ಲೇ ಹೇಸರಗತ್ತೆ ನಡೆಸಿದವನು. ಪುಸ್ತಕದ ಮನೆಯ ಕಟ್ಟೆಯ ಮೇಲೆ, ಆಚಾರ್ಯರ ಮಗ್ಗುಲಲ್ಲಿ, ಅವನು ನೆಲ ನೋಡುತ್ತ ಕುಳಿತಿದ್ದ.

"ಅಕ್ಕಾ, ಗುಡ್ಡದಾಗ ಮಳಿ ಸುರದು ಹೊಳಿ ಬಂದಿತ್ರಿ. ನಸುಕಿನ್ಯಾಗ ದಾಟಾಕತ್ತಿದ್ವಿ. ಅತ್ಲಾಗಿಂದ ಗೋಲಿ ಬೀಳಾಕತ್ತಿದ್ದು. ಅಂವಾ ನನ್ನ ಮುಂದಽ ಇದ್ದ. ಹಗ್ಗಾ ಕೈಗೆ ಸುತ್ತಿಕೋಬ್ಯಾಡ್ರಿ ಅಂತ ಹವಾಲ್ದಾರ ಎಷ್ಟು ಸರ್ತಿ ಹೇಳಿದ್ದ. ಇಂವಾ ಕೇಳೂದಿಲ್ಲ..."

ಶೇಖವ್ವ ತನ್ನ ಎಡಗೈ ಎತ್ತಿದಳು. ಬಲಗೈ ಬೆರಳಿನಿಂದ ಮಣಿಕಟ್ಟಿನ ಸುತ್ತ ಎರಡು ಸಲ ತಿರುವಿ ತೋರಿಸಿದಳು.

"ಹೂಂನ್ರೀ ಅಕ್ಕಾ. ಹಂಗಽ." ಹಯಾತ ಕಣ್ಣೊರಸಿಕೊಂಡ. "ಪ್ರಾಣಿ ಕಾಲು ಜಾರಿತು. ಬಿಚ್ಚಿಕೊಳ್ಳಾಕ ಆಗಲಿಲ್ಲ. ಬಿಡೋ ಗುದ್ಲ್ಯಾ, ಬಿಡೋ ಅಂತ ಒದರಿದೆ. ನೀರಾಗ ಎರಡೂ ತಲಿ ಒಮ್ಮೆ ಕಂಡು. ಆಮ್ಯಾಲ ನನ್ನ ಕಾಲಿಗೂ ಬಿತ್ತು. ದವಾಖಾನ್ಯಾಗ ಎಚ್ಚರಾದಾಗ ನನ್ನ ಯಾರೂ ಏನೂ ಕೇಳಲಿಲ್ಲ."

ಶೇಖವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಳು. ಆಮೇಲೆ ಆಚಾರ್ಯರಿಗೆ, "ಆ ದೊಡ್ಡ ಪುಸ್ತಕಾ ಒಮ್ಮಿ ಕೊಡ್ರಿ," ಎಂದಳು. ಅವರು ತಂದು ಬಿಡಿಸಿದರು. ಅವಳು ಗೇಣು ಹಾಕಿ ನೋಡಿದಳು. ಸಮುದ್ರದ ಮೇಲೆ, ಮರಳಿನ ಮೇಲೆ, ಮತ್ತೆ ಸಮುದ್ರದ ಮೇಲೆ ಕೈಯನ್ನು ಹಾಗೆಯೇ ಇಟ್ಟುಕೊಂಡು ಕೂತಳು. ಆಚಾರ್ಯರು ಅವಸರ ಮಾಡಲಿಲ್ಲ.

ಆ ಅಮಾವಾಸ್ಯೆಗೆ ಎಲೆಗಳ ಸಾಲಿನ ಕೊನೆಗೆ ಎರಡು ಹೊಸ ಎಲೆ ಬಿದ್ದವು. ವೀರವ್ವನ ಎಲೆಯ ಹತ್ತಿರ ಒಂದು ಇಳಕಲ್ಲ ಸೀರೆ, ಗುದ್ಲೆಪ್ಪನ ಎಲೆಯ ಹತ್ತಿರ ಧೋತರ, ರುಮಾಲು. ಶೇಖವ್ವನೇ ಹೋಳಿಗೆ ಬಡಿಸಿದಳು, ಹಾಲು ತುಪ್ಪ ಹಾಕಿದಳು. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದರು.

ಪ್ರತಿ ವರ್ಷ ಬಿಡುವಷ್ಟು ಹೊತ್ತು ಬಿಟ್ಟು ಹೊಳಬಸಪ್ಪ ಎದ್ದು ಕೆಮ್ಮಿದ. ಚಿಲಕಕ್ಕೆ ಕೈ ಹಾಕಿದ.

"ತಡೀರಿ ಭಾವಾರಽ," ಎಂದಳು ಶೇಖವ್ವ.

"ಯಾಕವಾ? ಹೊತ್ತಾತು."

"ಉಳದಾರೆಲ್ಲಾ ಇಲ್ಲೇ ಹೊಲದಾಗಿಂದ ಬರತಾರ. ಅವರದು ದೂರ ಐತಿ. ಎರಡು ಸಮುದ್ರ ದಾಟಬೇಕು."

ಹೊಳಬಸಪ್ಪ ಚಿಲಕದಿಂದ ಕೈ ತೆಗೆದು ಬಂದು ಕಟ್ಟೆಯ ಮೇಲೆ ಕೂತ. ಒಳಗೆ ಹೋಳಿಗೆ ಆರುತ್ತಿತ್ತು.

"ಅಡಗಿ ತಣ್ಣಗಾಗತೈತಿ," ಎಂದ ಸ್ವಲ್ಪ ಹೊತ್ತಿನ ಮೇಲೆ.

"ಆಗ್ಲಿ ಬಿಡ್ರಿ. ಅವರು ಬರೂತನಕ ಅತ್ತಿ ಎಲ್ಲಿ ಉಣ್ಣಾಕಿ."