ಮೋತಿಗಾಗಿ ಬರೆದ ಸಂತಾಪದ ಕಾರ್ಡು

2004ರಲ್ಲಿ ನಾನು ಟೊರಾಂಟೊದ ಉತ್ತರಕ್ಕಿರುವ ಕ್ಲೈನ್‌ಬರ್ಗ್‌ನ ಒಂದು ಕ್ಲಿನಿಕ್ಕಿನಲ್ಲಿ ಪಶುವೈದ್ಯೆಯಾಗಿದ್ದೆ. ಊರಿನಲ್ಲಿ ದನ ಎಮ್ಮೆಗಳಿಗೆ ಮದ್ದು ಮಾಡಿದ ಕೈ ಇಲ್ಲಿ ನಾಯಿಗಳ ಹಲ್ಲುಜ್ಜುವುದನ್ನೂ ಕಲಿತಿತ್ತು. ಕನ್ನಡ ಮಾತಾಡುವ ಗಿರಾಕಿಗಳು ಅಪರೂಪ. ಹಾಗಾಗಿ ಉಡುಪಿ ಕಡೆಯ ಎಂಜಿನಿಯರ್ ವಸಂತ ಬಾಗಿಲಲ್ಲೇ "ಅಕ್ಕಾ" ಎಂದು ಕರೆದರೆ ನಾನು ಅಪಾಯಿಂಟ್‌ಮೆಂಟ್ ಇದೆಯೇ ಎಂದು ಕೇಳುತ್ತಿರಲಿಲ್ಲ.

ಅವನ ಮನೆಯಲ್ಲಿ ಎರಡು ನಾಯಿ: ಎಳೆಯ ಬ್ರೂನೊ ಮತ್ತು ಹನ್ನೊಂದು ವರ್ಷದ ಲ್ಯಾಬ್ರಡಾರ್ ಮೋತಿ. ಏಪ್ರಿಲ್‌ನಲ್ಲಿ ಮೋತಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಬೇಕು. ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು.

"ಇದರ ಬದ್ಲು ಒಂದೇ ಸಲ ಚುಚ್ಚಿ ಶಾಶ್ವತ ಮಲಗಿಸಿಬಿಡ್ಲಿಕ್ಕೆ ಆಗುದಿಲ್ವ ಅಕ್ಕ?" ಎಂದ ವಸಂತ.

"ಎಂತ ಮಾತು ಮಾರಾಯ? ಇನ್ನೂ ಎರಡು ವರ್ಷ ಆರಾಮಲ್ಲಿ ಇರ್ತದೆ," ಎಂದು ಗದರಿದೆ. ಚುಚ್ಚುವುದನ್ನು ನಾನೇ ಕೈಹಿಡಿದು ಕಲಿಸಿದೆ.

ಜುಲೈಯಲ್ಲಿ ಮಗಳು ಶ್ರೇಯಾಳನ್ನು ಬೇಸಿಗೆ ಶಿಬಿರಕ್ಕೆ ಬಿಟ್ಟು, ಗಂಡ ಹೆಂಡತಿ ಎರಡೂ ನಾಯಿಗಳೊಡನೆ ಅಮೆರಿಕದ ಕಣಿವೆಯ ರಾಷ್ಟ್ರೀಯ ಉದ್ಯಾನವೊಂದಕ್ಕೆ ಕಾರಿನಲ್ಲಿ ಹೊರಟರು. ಗಡಿ ದಾಟಲು ಬೇಕಾದ ರೇಬೀಸ್ ಸರ್ಟಿಫಿಕೇಟಿಗೆ ಸಹಿ ಹಾಕಿದವಳು ನಾನು. ಅಲ್ಲಿನ ಟ್ರೇಲುಗಳಿಗೆ, ಅಂದರೆ ಕಾಲುದಾರಿಗಳಿಗೆ, ನಾಯಿಗಳನ್ನು ಬಿಡುವುದಿಲ್ಲ, ಕಾರು ಹೋಗುವ ಸೀನಿಕ್ ಡ್ರೈವ್ ಮತ್ತು ಪಾರ್ಕಿಂಗ್ ಜಾಗದಲ್ಲಿ ಮಾತ್ರ ಎಂದು ನಿಯಮ ಓದಿ ಹೇಳಿದವಳೂ ನಾನೇ.

ಹತ್ತು ದಿನ ಬಿಟ್ಟು, ಒಂದು ಶನಿವಾರ, ವಸಂತ ಒಬ್ಬನೇ ಬಂದು ಮೋತಿಯ ಕಾಲರನ್ನು ಮೇಜಿನ ಮೇಲಿಟ್ಟ. "ಟ್ರೇಲಲ್ಲಿ ನಡೀತಾ ಕಣಿವೆ ಅಂಚಲ್ಲಿ ಮೋತಿ ಕಾಲು ಜಾರಿತು ಅಕ್ಕ. ನಾನು ಎಳ್ದು ಹಿಡ್ದೆ. ಕಾಲರ್ ಮಾತ್ರ ಕೈಯಲ್ಲಿ ಉಳೀತು."

ಅವನು ಅತ್ತ. ನಾನೂ ಅತ್ತೆ. ನಾಯಿ ಬಿಡದ ಟ್ರೇಲಿಗೆ ಮೋತಿ ಹೇಗೆ ಹೋಯಿತು ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ. ನಮ್ಮವನು ಎಂಬ ಮೋಹಕ್ಕೆ ಬುದ್ಧಿ ಮಂಕಾಗಿತ್ತು. ಫೈಲಿನಲ್ಲಿ "ಮೃತ" ಎಂದು ಬರೆದೆ. ನಾಯಿ ಸತ್ತ ಮನೆಗೆ ಕ್ಲಿನಿಕ್ಕಿನಿಂದ ಸಂತಾಪದ ಕಾರ್ಡು ಕೊಡುವ ರೂಢಿ. ಒಂಬತ್ತು ವರ್ಷದ ಶ್ರೇಯಾಳ ಹೆಸರಿಗೆ ಕಾರ್ಡು ಬರೆದುಕೊಟ್ಟೆ: "ನಿನ್ನ ಅಪ್ಪ ಕೊನೆಯ ಕ್ಷಣದವರೆಗೂ ಮೋತಿಯ ಕೈಬಿಡಲಿಲ್ಲ."

ಸೋಮವಾರ ಅಮೆರಿಕದ ಒಂದು ಪ್ರಾಣಿ ಆಶ್ರಯದಿಂದ ಫೋನು ಬಂತು. ಆ ಉದ್ಯಾನದ ಪಾರ್ಕಿಂಗ್ ಜಾಗದಲ್ಲಿ ಕಾಲರ್ ಇಲ್ಲದ ಮುದಿ ಲ್ಯಾಬ್ರಡಾರ್ ಸಿಕ್ಕಿದೆಯಂತೆ. ಬಂದು ನಿಂತ ಪ್ರತಿ ಕಾರಿನ ಬಾಗಿಲಿಗೂ ಹೋಗಿ ಕಾಯುತ್ತಿತ್ತಂತೆ. ಚರ್ಮದಡಿಯ ಮೈಕ್ರೋಚಿಪ್ಪಿನಿಂದ ನಮ್ಮ ನಂಬರು ಸಿಕ್ಕಿತು. ಚಿಪ್ಪಿನ ನೋಂದಣಿ ಫಾರ್ಮು ತುಂಬಲು ವಸಂತನಿಗೆ ಪುರುಸೊತ್ತಾಗದೆ, ನಾನೇ ಕ್ಲಿನಿಕ್ಕಿನ ನಂಬರು ಬರೆದು ಕಳಿಸಿದ್ದೆ.

"ಎಷ್ಟು ನೀರಿಟ್ಟರೂ ಕುಡಿಯುತ್ತಾನೆ, ಊಟ ಮುಟ್ಟುವುದಿಲ್ಲ," ಎಂದಳು ಆಶ್ರಯದಿಂದ ಫೋನು ಮಾಡಿದ್ದ ಹೆಂಗಸು. ಮೊದಲು ಇನ್ಸುಲಿನ್ ಪ್ರಮಾಣ ಹೇಳಿದೆ. ಆಮೇಲೆ ವಸಂತನಿಗೆ ಫೋನು ಮಾಡಿದೆ.

"ಅದು ನಮ್ಮ ನಾಯಿ ಅಲ್ಲ ಡಾಕ್ಟ್ರೇ," ಎಂದ.

ಒಂದೇ ವಾರಾಂತ್ಯದಲ್ಲಿ ನಾನು ಅಕ್ಕನಿಂದ ಡಾಕ್ಟ್ರಾಗಿದ್ದೆ. ಚಿಪ್ಪಿನ ಸಂಖ್ಯೆಯನ್ನು ಒಂದೊಂದೇ ಅಂಕೆಯಾಗಿ ಓದಿದೆ. ಕೊನೆಯ ಅಂಕೆ ಮುಗಿದ ಮೇಲೆ ಅವನೆಂದ: "ಕಾರ್ಡನ್ನು ಶ್ರೇಯಾ ಫ್ರಿಜ್ಜಿಗೆ ಅಂಟಿಸಿದ್ದಾಳೆ. ಅವಳಿಗೆ ಮಾತ್ರ ಹೇಳ್ಬೇಡಿ."

ಸಿಟ್ಟು ನೆತ್ತಿಗೇರಿತ್ತು. ಆದರೂ ಮೋತಿಯ ಹಕ್ಕನ್ನು ಆಶ್ರಯಕ್ಕೆ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿಸುವಷ್ಟು ತಾಳ್ಮೆ ತಂದುಕೊಂಡೆ. ಮೋತಿ ಬದುಕಿತು. ಫೋನು ಮಾಡಿದ ಹೆಂಗಸೇ ಅದನ್ನು ಮನೆಗೊಯ್ದಳು. ಎರಡು ವರ್ಷ ಹೊತ್ತುಹೊತ್ತಿಗೆ ಚುಚ್ಚಿ ಸಾಕಿದಳು.

ಅಂದಿನಿಂದ ಕಣ್ಣಾರೆ ನೋಡದ ಸಾವನ್ನು ನಾನು "ಮೃತ" ಎಂದು ಬರೆದಿಲ್ಲ. "ಮೃತವೆಂದು ಮಾಲೀಕರ ಹೇಳಿಕೆ" ಎಂದೇ ಬರೆದೆ. ಹೇಳುವವನು ಅಕ್ಕ ಎಂದರೂ ಅಷ್ಟೇ.

ಆ ವರ್ಷ ಅಕ್ಟೋಬರ್‌ನಲ್ಲಿ ಅಮ್ಮನ ಜೊತೆ ಶ್ರೇಯಾ ಬ್ರೂನೊನನ್ನು ಕರೆತಂದಳು. ಗಿರಾಕಿಯ ಫೈಲಿನ ಗುಟ್ಟು ಬಿಡುವಂತಿಲ್ಲ ಎಂಬ ನಿಯಮ ನನ್ನ ಬಾಯಿ ಕಟ್ಟಿತ್ತು. ಆ ತಾಯಿ ನೆಲ ನೋಡುತ್ತಿದ್ದಳು.

"ಥ್ಯಾಂಕ್ಸ್ ಫಾರ್ ದ ಕಾರ್ಡ್, ಆಂಟಿ," ಎಂದಳು ಹುಡುಗಿ. "ಐ ರೀಡ್ ಇಟ್ ಎವ್ರಿ ಡೇ."

ನಾನು ಬ್ರೂನೊನ ಬಾಯಿ ಬಿಡಿಸಿ ಹಲ್ಲು ನೋಡತೊಡಗಿದೆ.