ಗಂಡನಿಗೆ ತಾಗದ ಕಾಲು

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಸೀಮೆಯಲ್ಲಿ ಹಾಗೆ ಹುಟ್ಟಿದವರಿಗೆ ಒಂದು ಕೆಲಸ ತಾನಾಗಿಯೇ ಅಂಟಿಕೊಳ್ಳುತ್ತದೆ. ಯಾರಿಗಾದರೂ ಸೊಂಟ ಹಿಡಿದುಕೊಂಡರೆ, ಮೂಟೆ ಎತ್ತುವಾಗ ಬೆನ್ನು ಉಳುಕಿದರೆ, ಅವರು ಬಂದು ನಮ್ಮ ಮುಂದೆ ಬೋರಲು ಮಲಗುತ್ತಾರೆ. ನಾವು ಎಡಗಾಲಿನಿಂದ ಮೂರು ಸಲ ಮೆಲ್ಲಗೆ ಒದೆಯಬೇಕು. ಮೂರು ದಿನ, ಬೆಳಿಗ್ಗೆ, ಬಾಯಿಗೆ ಏನೂ ಹಾಕಿಕೊಳ್ಳುವ ಮುಂಚೆ. ಏಳನೇ ವಯಸ್ಸಿನಿಂದ ನಾನು ಊರಿನ ಗೌಡರಿಂದ ಹಿಡಿದು ದನ ಕಾಯುವವರವರೆಗೆ ಎಲ್ಲರ ಬೆನ್ನಿಗೂ ಒದ್ದಿದ್ದೇನೆ. ಬೇರೆ ಹೆಣ್ಣುಮಕ್ಕಳು ದೊಡ್ಡವರಿಗೆ ಅಕಸ್ಮಾತ್ತಾಗಿ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನನಗೆ ಒದ್ದದ್ದಕ್ಕೆ ಬೆಲ್ಲ ಕೊಡುತ್ತಿದ್ದರು.

ಮೊದಮೊದಲು ಸುಮ್ಮನೆ ಒದೆಯುತ್ತಿದ್ದೆ. ಬರಬರುತ್ತ ಹಿಮ್ಮಡಿಗೆ ಬುದ್ಧಿ ಬಂತು. ಬೆನ್ನಿನ ಮೇಲೆ ಕಾಲಿಟ್ಟರೆ ಎಲ್ಲಿ ಬಿಗಿದಿದೆ, ಎಲ್ಲಿ ಸಡಿಲವಿದೆ ಎಂದು ತಿಳಿಯುತ್ತಿತ್ತು. ಉಸಿರು ಬಿಡು ಎಂದು ಹೇಳಿ, ಬಿಟ್ಟ ಹೊತ್ತಿಗೆ ಸರಿಯಾಗಿ ಒತ್ತಿದರೆ ಒಳಗೆ ಲಟಕ್ಕೆಂದು ಸದ್ದಾಗುತ್ತಿತ್ತು. ಡೊಂಕಾಗಿ ಬಂದವನು ನೆಟ್ಟಗೆ ಎದ್ದು ಹೋಗುತ್ತಿದ್ದ. ಎಲ್ಲರೂ ಅಲ್ಲ. ಹಳೆಯ ನೋವಿಗೆ, ಕಾಲು ಜೋಮು ಹಿಡಿದವರಿಗೆ ನನ್ನಿಂದ ಏನೂ ಆಗುತ್ತಿರಲಿಲ್ಲ, ಅಂಥವರನ್ನು ಹಾಗೇ ವಾಪಸು ಕಳಿಸುತ್ತಿದ್ದೆ. ವಾಸಿ ಮಾಡುತ್ತಿದ್ದದ್ದು ನನ್ನ ಹುಟ್ಟೋ, ಹಿಮ್ಮಡಿಯೋ, ಇಲ್ಲ ಆ ನೋವೇ ತಾನಾಗಿ ಹೋಗುತ್ತಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತು ಎನ್ನುವವರ ಮಾತನ್ನು ನಂಬಬೇಡಿ.

ಹದಿನಾರಕ್ಕೆ ಮದುವೆಯಾಯಿತು. ಗಂಡನ ಊರು ಕ್ಯಾಸಂಬಳ್ಳಿಯ ಹತ್ತಿರದ ಒಂದು ಹಳ್ಳಿ. ಆದರೆ ಅವನು ಕೆಲಸ ಮಾಡುತ್ತಿದ್ದದ್ದು ಚಿನ್ನದ ಗಣಿಯಲ್ಲಿ, ನಾವಿದ್ದದ್ದು ಚಾಂಪಿಯನ್ ರೀಫ್ಸಿನ ಕೂಲಿಲೈನಿನಲ್ಲಿ. ತಟ್ಟಿಗೋಡೆಯ ಒಂದೇ ಕೋಣೆ. ಅದರಲ್ಲಿ ಅವನು, ನಾನು, ನಮ್ಮತ್ತೆ. ಆ ಕಡೆ ತಮಿಳಿನವರು, ಈ ಕಡೆ ತೆಲುಗಿನವರು. ಅತ್ತೆಗೆ ನನ್ನ ಕಾಲಿನ ಮೇಲೆ ಬಹಳ ಹೆಮ್ಮೆ. ನಾನು ಬಂದ ವಾರದಲ್ಲೇ ಕೊಳಾಯಿಯ ಹತ್ತಿರ ಎಲ್ಲರಿಗೂ ಹೇಳಿ ಬಂದಿದ್ದಳು: "ನಮ್ ಸೊಸೆ ಕಾಲು ಮುಂದಾಗಿ ಉಟ್ಟಿರೋಳು ಕಣಮ್ಮ. ಯಾರಿಗಾನ ಸೊಂಟ ಇಡ್ಕಂಡ್ರೆ ಕಳ್ಸಿ." ಅವರು ಬಂದರು. ನಾನು ಒದ್ದೆ. ಲೈನಿನ ಅರ್ಧ ಗಂಡಸರ ಬೆನ್ನು ನನಗೆ ಗೊತ್ತಾಗಿಹೋಯಿತು.

ನನ್ನ ಗಂಡನದು ಬಂಡೆಗೆ ತೂತು ಕೊರೆಯುವ ಕೆಲಸ. ಕೂರುವುದಕ್ಕೂ ಆಗದ ಬಿಲಗಳಲ್ಲಿ ಎಡ ಮಗ್ಗುಲಾಗಿ ಮಲಗಿ ಕೊರೆಯಬೇಕು. ಎರಡು ವರ್ಷದಲ್ಲಿ ಎಡ ಭುಜ ಇಳಿದುಹೋಯಿತು. ಒಂದು ದಿನ ಕೆಳಗೆ ಏಣಿ ಹತ್ತುವಾಗ ಸೊಂಟ ಹಿಡಿದುಕೊಂಡಿತು. ಇಬ್ಬರು ಕಂಕುಳಿಗೆ ಕೈ ಕೊಟ್ಟು ಮನೆಗೆ ತಂದು ಬಿಟ್ಟರು. ನಾನು ಚಾಪೆ ಹಾಸಿ, ಬೋರಲು ಮಲಗಿಸಿ, ಸೆರಗು ಸಿಕ್ಕಿಸಿ ಅವನ ಪಕ್ಕದಲ್ಲಿ ನಿಂತೆ. ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದಳು.

"ಏನೇ ಮಾಡ್ತಿದೀಯ?"

"ಸೊಂಟ ಇಡ್ಕಂಡದೆ ಅತ್ತೆ. ಇವತ್ತಿಂದು. ಈಗ್ಲೇ ಒದ್ರೆ ಬಿಡ್ತದೆ."

"ತಾಳಿ ಕಟ್ಟಿದ ಗಂಡನ್ನ ಒದೀತೀಯಾ? ಊರೋರನ್ನ ಒದ್ದಂಗಲ್ಲ ಅದು. ಅವನ ಆಯಸ್ಸಿಗೆ ಬತ್ತದೆ. ಕಾಲ್ ತಗಿ."

ನಾನು ಗಂಡನ ಮುಖ ನೋಡಿದೆ. ಅವನು ಗೋಡೆಯ ಕಡೆ ತಿರುಗಿಕೊಂಡ. "ಬ್ಯಾಡ ಬುಡು," ಅಂದ. "ಎಂಡ್ತಿ ಕೈಲಿ ಒದಿಸ್ಕಂಡ ಅಂತ ಲೈನಿನೋರೆಲ್ಲ ನಗ್ತಾರೆ."

ಕೈಯಲ್ಲಿ ಒತ್ತಿ ನೋಡಿದೆ. ನನ್ನ ಕೈಗೆ ಆ ವಿದ್ಯೆ ಇರಲಿಲ್ಲ. ಮಾರನೆಯ ದಿನ ಅತ್ತೆ ಮಗನನ್ನು ರೈಲು ಹತ್ತಿಸಿ ಬಂಗಾರಪೇಟೆಗೆ, ಮೂಳೆ ಕಟ್ಟುವವನೊಬ್ಬನ ಹತ್ತಿರ ಕರೆದುಕೊಂಡು ಹೋದಳು. ಅವನು ಉದ್ದಿನ ಹಿಟ್ಟಿಗೆ ಮೊಟ್ಟೆ ಕಲಸಿ ಪಟ್ಟು ಹಾಕಿ, ಹದಿನೈದು ದಿನ ಅಲ್ಲಾಡದೆ ಮಲಗು ಎಂದು ಕಳಿಸಿದ. ಹದಿನೈದು ದಿನ ಮಲಗಿದರೆ ಗಣಿಯಲ್ಲಿ ಹೆಸರು ಹೊಡೆದುಹಾಕುತ್ತಾರೆ. ಮೂರನೆಯ ದಿನ ನನ್ನ ಗಂಡ ಪಟ್ಟು ಕಿತ್ತು, ಡೊಂಕು ಬೆನ್ನಲ್ಲೇ ಕೆಲಸಕ್ಕೆ ಹೋದ. ಅವತ್ತು ಬೆಳಿಗ್ಗೆ ಇನ್ನೊಂದು ಸಲ ಕೇಳಿದ್ದೆ, ಮೂರೇ ಮೂರು ಒದೆ, ಬಾಗಿಲು ಹಾಕಿಕೊಂಡು, ಯಾರಿಗೂ ತಿಳಿಯುವುದಿಲ್ಲ ಎಂದು. ಅತ್ತೆ ಬಾಗಿಲಿಗೆ ಅಡ್ಡ ಕೂತು ರಾಗಿ ಕೇರುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

ಗಣಿಯಿಂದ ಮೇಲೆ ಬಂದವರಿಗೆ ಝಡ್ತಿ ಇರುತ್ತಿತ್ತು. ಮೈಮೇಲೆ ಚಿನ್ನದ ಕಲ್ಲು ಅಡಗಿಸಿಕೊಂಡಿದ್ದಾರೋ ಎಂದು ನೋಡುವುದು. ಲಂಗೋಟಿಯಲ್ಲಿ ಸಾಲಾಗಿ ನಿಂತು, ಎರಡೂ ಕೈ ಮೇಲೆತ್ತಿ, ನೆಟ್ಟಗಾಗಿ, ನೆಲದಿಂದ ಮೊಳದೆತ್ತರ ಕಟ್ಟಿದ ಒಂದು ಅಡ್ಡಗಂಬಿಯನ್ನು ಎಗರಬೇಕು. ಬಚ್ಚಿಟ್ಟದ್ದೇನಾದರೂ ಇದ್ದರೆ ಉದುರುತ್ತದೆ. ಅವತ್ತು ನಡೆದದ್ದನ್ನು ಹೇಳಿದವನು ನಮ್ಮ ಪಕ್ಕದ ಮನೆಯ ತೆಲುಗಿನವನು. ಅವನು ಸಾಲಿನಲ್ಲಿ ನನ್ನ ಗಂಡನ ಹಿಂದೆಯೇ ಇದ್ದ. ಝಡ್ತಿ ಮಾಡುತ್ತಿದ್ದ ಮೇಸ್ತ್ರಿ ಯಾವ ಗಣಿಯವನು, ಯಾವ ಕಂಟ್ರಾಕ್ಟುದಾರನ ಕಡೆಯವನು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಆ ಮೇಸ್ತ್ರಿಯ ಹೆಸರಿಗೆ ನನ್ನ ಈ ಬರಹದಲ್ಲಿ ಜಾಗವಿಲ್ಲ.

"ಸೊಂಟದಾಗೆ ಏನ್ಲಾ ಮಡಿಕ್ಕಂಡಿದೀಯ?" ಅಂದನಂತೆ ಮೇಸ್ತ್ರಿ. "ನೆಟ್ಗೆ ನಿಂತ್ಕ."

"ಇಡ್ಕಂಡದೆ ಮೇಸ್ತ್ರಿ. ನಿಲ್ಲಕಾಗಲ್ಲ."

"ನಾನ್ ನಿಲ್ಲುಸ್ತೀನಿ ಬಾರ್ಲಾ."

ಹಿಂದಿನಿಂದ ಬಂದು, ಎರಡೂ ಭುಜ ಹಿಡಿದು, ಬೆನ್ನಿಗೆ ಮೊಣಕಾಲು ಕೊಟ್ಟು ಹಿಂದಕ್ಕೆಳೆದ. ಸಾಲಿನ ಕೊನೆಯವರೆಗೂ ಸದ್ದು ಕೇಳಿಸಿತಂತೆ. ನನ್ನ ಗಂಡ ಬಿದ್ದ. ಲಂಗೋಟಿ ಬಿಚ್ಚಿ ನೋಡಿದರು, ಬಾಯಿಗೆ ಬೆರಳು ಹಾಕಿ ನೋಡಿದರು. ಏನೂ ಇರಲಿಲ್ಲ. ಏನೂ ಇಲ್ಲ ಎಂದು ಒಂದು ಮಾತು ಯಾರೂ ಹೇಳಲಿಲ್ಲ. ಮಾರನೆಯ ದಿನದಿಂದ ಬರಬೇಡ ಎಂದು ಹೇಳಿ ಕಳಿಸಿದರು. ಲೈನಿನಲ್ಲಿ ನಮ್ಮನ್ನು ನೋಡುವ ಕಣ್ಣು ಬದಲಾಯಿತು. ಸುಮ್ಮಸುಮ್ಮನೆ ಓಡಿಸುತ್ತಾರಾ, ಏನೋ ಇದ್ದಿರಬೇಕು ಎಂದು ಕೊಳಾಯಿಯ ಹತ್ತಿರ ಮಾತಾದವು.

ಅವನ ಬಲಗಾಲು ಜೋಮು ಹಿಡಿಯಿತು. ಬೆನ್ನು ಮುಂದಕ್ಕೂ ಎಡಕ್ಕೂ ಬಾಗಿ ಹಾಗೇ ನಿಂತುಬಿಟ್ಟಿತು. ಇಂಥವರನ್ನೇ ನಾನು ಕೈಲಾಗದು ಎಂದು ವಾಪಸು ಕಳಿಸುತ್ತಿದ್ದದ್ದು. ನಾವು ಲೈನು ಬಿಟ್ಟು ಅವನ ಹಳ್ಳಿಗೆ ಬಂದೆವು. ನಾನು ಹೊಲಕ್ಕಿಳಿದೆ, ಎರಡು ಹಸು ಕಟ್ಟಿದೆ. ಅವನು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯತೊಡಗಿದ. ಇಪ್ಪತ್ತೈದು ತುಂಬದ ಗಂಡಸು ಕೋಲೂರಿಕೊಂಡು ಬೇಲಿಯ ಕಡೆ ಹೋಗುವುದನ್ನು ದಿನಾ ನೋಡುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು. ನನ್ನ ಹಿಮ್ಮಡಿಗೆ ಬಿಡದ ಜಾಗಕ್ಕೆ ಆ ಮುಂಡೇಗಂಡ ಮೊಣಕಾಲು ಹಾಕಿದ್ದ. ಒಂದಲ್ಲ ಒಂದು ದಿನ ಅವನು ನನ್ನ ಕಾಲ ಕೆಳಗೆ ಬರಬೇಕು ಎಂದು ಹಲ್ಲು ಕಚ್ಚಿಕೊಂಡು ಕಾದೆ.

ಕಾದೆ ಎಂದರೆ ಸುಮ್ಮನೆ ಕೂರಲಿಲ್ಲ. ಬಂಗಾರಪೇಟೆ ಸಂತೆಗೆ ಬೆಣ್ಣೆ ಮಾರಲು ಹೋದಾಗ, ಲೈನಿನಲ್ಲಿದ್ದಾಗಿನಿಂದ ಮುಖ ಗೊತ್ತಿದ್ದ ಆ ಮೇಸ್ತ್ರಿಯನ್ನು ನೋಡುತ್ತಿದ್ದೆ. ಅವನು ನನ್ನನ್ನು ಕಂಡವನಲ್ಲ. ಎಮ್ಮೆ ಕೊಳ್ಳುವವರು ನೋಡುವ ಹಾಗೆ ಅವನ ನಡಿಗೆಯನ್ನು ನೋಡಿದೆ. ನಿಂತರೆ ಬಲಗಾಲಿಗೇ ಭಾರ. ಬೆಂಚಿನಿಂದ ಏಳುವಾಗ ತೊಡೆಗೆ ಕೈ. ಮುಂದಿನ ವರ್ಷ ನೋಡಿದಾಗ ಎರಡೂ ತೊಡೆಗೆ ಕೈ. ಹಿಂದಕ್ಕೆ ತಿರುಗಬೇಕಾದರೆ ಕತ್ತು ತಿರುಗುತ್ತಿರಲಿಲ್ಲ, ಇಡೀ ಮೈ ತಿರುಗುತ್ತಿತ್ತು. ಇವನಿಗೂ ಹಿಡಿಯುತ್ತದೆ ಎಂದು ನನಗೆ ಖಾತ್ರಿಯಾಯಿತು, ಖುಷಿಯಿಂದ ಅವತ್ತು ಬೆಣ್ಣೆಯನ್ನು ಅಳತೆಗಿಂತ ಜಾಸ್ತಿಯೇ ಕೊಟ್ಟೆ. ನನ್ನ ಹತ್ತಿರ ಬರುವ ಗಣಿಯವರಿಗೆಲ್ಲ ಹೇಳತೊಡಗಿದೆ: ಕೋರಮಂಡಲ್ ಲೈನಿನಲ್ಲಿ, ಚಾಂಪಿಯನ್ ರೀಫ್ಸಿನಲ್ಲಿ ಯಾರಿಗೆ ಸೊಂಟ ಹಿಡಿದರೂ ಕಳಿಸಿ, ಮೇಸ್ತ್ರಿಗಳಾದರೂ ಸರಿ, ಭೇದವಿಲ್ಲ. ಅತ್ತೆ ಅದನ್ನು ನನ್ನ ದೊಡ್ಡ ಮನಸ್ಸು ಎಂದುಕೊಂಡಳು.

ಏಳನೆಯ ವರ್ಷ ಬಂದ. ಒಂದು ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ ತಂದರು. ಇಬ್ಬರು ಹಿಡಿದು ಇಳಿಸಿದರು. ಸೊಂಟದಲ್ಲಿ ಮುರಿದು ಬಾಗಿದ್ದ, ನನ್ನ ಮುಖ ನೋಡಬೇಕಾದರೆ ಕಣ್ಣು ಮಾತ್ರ ಮೇಲೆತ್ತಬೇಕಾಗಿತ್ತು. "ನಿನ್ನ ಕಾಲಿನ ಗುಣ ಕೇಳಿ ಬಂದಿದೀನಿ ತಾಯಿ," ಅಂದ. ಜಗಲಿಯ ಮೇಲೆ ನನ್ನ ಗಂಡನ ಕೈಯಲ್ಲಿ ಹಗ್ಗ ನಿಂತಿತು. ಅತ್ತೆ ಬಾಗಿಲಿಗೆ ಬಂದಳು. ಅಕ್ಕಪಕ್ಕದ ನಾಲ್ಕೈದು ಜನ ಸೇರಿದರು. ಸೇರಲಿ ಎಂದೇ ನಾನು ನಿಧಾನ ಮಾಡಿದೆ.

"ಮಲಗೋಕ್ಕಿಂತ ಮುಂಚೆ ಒಂದು ಶಾಸ್ತ್ರ ಅದೆ," ಅಂದೆ. ಅಂಥ ಶಾಸ್ತ್ರ ಯಾವುದೂ ಇಲ್ಲ. ಒಳಗಿಂದ ಒನಕೆ ತಂದು ಅಂಗಳದಲ್ಲಿ ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟೆ. "ಎರಡೂ ಕೈ ಮ್ಯಾಲೆತ್ತಿ. ನೆಟ್ಗೆ ನಿಂತ್ಕಳಿ. ಇದನ್ನ ಎಗರಿ."

ನಂಬಿದ. ಕಾಲು ಮುಂದಾಗಿ ಹುಟ್ಟಿದವಳು ಹೇಳಿದ್ದನ್ನು ನೋವಿನವರು ನಂಬುತ್ತಾರೆ. ಕೈ ಎತ್ತಿದ. ಅರ್ಧಕ್ಕೇ ನಿಂತವು. ಒಂದು ಕಾಲು ಎತ್ತಿ ಒನಕೆಯ ಆಚೆ ಇಟ್ಟು, ಇನ್ನೊಂದನ್ನು ಎಳೆದುಕೊಳ್ಳುವಾಗ ಕೂಗಿಕೊಂಡ. ಮತ್ತೆ ಎಂದೆ. ಮತ್ತೆ ಪ್ರಯತ್ನಿಸಿದ. ಮುಖದಿಂದ ಬೆವರು, ಕಣ್ಣಿಂದ ನೀರು.

"ಆಗಲ್ಲ ತಾಯಿ."

"ಯಾಕಾಗಲ್ಲ? ಸೊಂಟದಾಗೆ ಏನ್ ಮಡಿಕ್ಕಂಡಿದೀಯ?"

ಆಗ ಅವನ ಕಣ್ಣು ಅಲ್ಲಾಡಿದವು. ನನ್ನಿಂದ ಜಗಲಿಗೆ ಹೋದವು. ನನ್ನ ಗಂಡನ ಮುಖದ ಗುರುತು ಹತ್ತಿತೋ ಇಲ್ಲವೋ, ಬೆನ್ನಿನ ಗುರುತು ಹತ್ತಿತು. ನನ್ನ ಹೊಟ್ಟೆ ತಣ್ಣಗಾಯಿತು, ಅದನ್ನು ಮುಚ್ಚಿಡುವುದಿಲ್ಲ. ಏಳು ವರ್ಷದಲ್ಲಿ ಅಷ್ಟು ಸುಖವಾದ ಗಳಿಗೆ ನನಗೆ ಬಂದಿರಲಿಲ್ಲ.

ಅಷ್ಟಾದರೂ ಅವನು ಮಲಗಿದ. ಬೇರೆ ದಾರಿ ಇರಲಿಲ್ಲ. ನಾನು ಎಡಗಾಲು ಎತ್ತಿದೆ. ಎಲ್ಲಿ ಒತ್ತಿದರೆ ಬಿಡುತ್ತದೆ ಎಂದು ಗೊತ್ತಿದ್ದವಳಿಗೆ ಎಲ್ಲಿ ಒತ್ತಿದರೆ ಜನ್ಮದಲ್ಲಿ ಏಳುವುದಿಲ್ಲ ಎಂಬುದೂ ಗೊತ್ತಿರುತ್ತದೆ. ನನ್ನ ಹಿಮ್ಮಡಿ ಆ ಎರಡನೆಯ ಜಾಗದ ಮೇಲೆಯೇ ಇತ್ತು.

"ಏಯ್, ಕಾಲ್ ತಗಿ," ಎಂದ ನನ್ನ ಗಂಡ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ. ಕರುಣೆ ತೋರಿಸುತ್ತಿದ್ದಾನೆ ಎಂದುಕೊಂಡು ಅವನ ಮೇಲೂ ಸಿಟ್ಟು ಬಂತು. ಕರುಣೆಯಲ್ಲ. "ನಂಗೇ ತಾಗದ ಕಾಲು ಅವನಿಗ್ಯಾಕೆ ತಾಗಬೇಕು? ಅಂಗೇ ಕಳ್ಸು."

ಕಾಲು ತೆಗೆದೆ. ಗಾಡಿಯವರು ಅವನನ್ನು ಬಂದ ಹಾಗೆಯೇ ಎತ್ತಿ ಹಾಕಿಕೊಂಡು ಹೊರಟರು. ಗಾಡಿ ಊರು ದಾಟುವವರೆಗೂ ಅವನ ನರಳಾಟ ಕೇಳಿಸುತ್ತಿತ್ತು, ನಾನು ಅದು ನಿಲ್ಲುವವರೆಗೂ ಅಂಗಳದಲ್ಲೇ ನಿಂತು ಕೇಳಿದೆ. ಸೇರಿದ್ದವರು ಒಬ್ಬೊಬ್ಬರಾಗಿ ಹೋದರು.

ನನ್ನ ಗಂಡ ಜಗಲಿಯಿಂದ ಇಳಿದ. ಕೋಲು ಬಿಟ್ಟು, ಮೊಣಕಾಲೂರಿ, ಮೇಸ್ತ್ರಿ ಮಲಗಿದ್ದ ಜಾಗದಲ್ಲೇ ಬೋರಲು ಮಲಗಿದ.

"ಈಗ ಒದಿ," ಅಂದ.

"ಬ್ಯಾಡ ಕಣಪ್ಪ," ಅಂದಳು ಅತ್ತೆ ಬಾಗಿಲಿನಿಂದ.

"ನೀನ್ ಸುಮ್ಕಿರವ್ವ."

ಮದುವೆಯಾಗಿ ಹತ್ತು ವರ್ಷಕ್ಕೆ ಹತ್ತಿರವಾಗಿತ್ತು. ಅವನ ಬೆನ್ನಿಗೆ ನನ್ನ ಕಾಲು ತಾಗಿದ್ದು ಅವತ್ತೇ ಮೊದಲು. ಕೆಳಗಿನ ಸೊಂಟದಿಂದ ಮೇಲಕ್ಕೆ ಹಿಮ್ಮಡಿ ಆಡಿಸಿದೆ. ಉಸಿರು ಬಿಡು ಎಂದೆ. ಬಿಟ್ಟ. ಒತ್ತಿದೆ. ಒಂದು ಎಳೆಯೂ ಅಲ್ಲಾಡಲಿಲ್ಲ. ಮೂಳೆ ಮೂಳೆಗೆ ಕಚ್ಚಿಕೊಂಡು ಬೆಳೆದುಬಿಟ್ಟಿತ್ತು. ಮೂರು ಒದ್ದೆ. "ಇನ್ನೊಂದ್ ಸಾರಿ," ಅಂದ. ಒದ್ದೆ. ಕಾಲು ಸೋತುಬರುವವರೆಗೂ ಒದ್ದೆ. ಆಮೇಲೆ ಅವನು ಕೈಯೂರಿ ಎದ್ದ. ಮುಂದಕ್ಕೂ ಎಡಕ್ಕೂ ಅದೇ ಡೊಂಕು. ಕೋಲು ಹುಡುಕುತ್ತ, "ಸ್ವಲ್ಪ ಅಗುರಾಯ್ತು," ಅಂದ. ನನಗಾಗಿ ಹೇಳಿದ ಸುಳ್ಳು ಅದು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದವಳು ನಾನು, ಅಂಗಳದ ನಡುವೆ ನಿಂತು ಅತ್ತುಬಿಟ್ಟೆ.

ಅತ್ತೆಗೆ ಎಲ್ಲ ಕಂಡಿತ್ತು. ಮಗ ಜಗಲಿ ಹತ್ತಿ ಕೂತ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಆವತ್ತೇ ಒದ್ದಿದ್ರೆ ಸರಿ ಓಗ್ತಿತ್ತೇನೇ?"

ನನಗೆ ಗೊತ್ತಿರಲಿಲ್ಲ. ಹೋಗುತ್ತಿತ್ತೋ ಏನೋ, ಹೋಗದೆಯೂ ಇರಬಹುದಾಗಿತ್ತು. ಗೊತ್ತಿಲ್ಲ ಅತ್ತೆ ಎಂದಿದ್ದರೆ ಅದು ನಿಜವಾಗಿರುತ್ತಿತ್ತು, ಮುದುಕಿಗೆ ಆಸರೆಯೂ ಆಗಿರುತ್ತಿತ್ತು. ಬಾಗಿಲಿಗೆ ಅಡ್ಡ ಕೂತು ತಲೆಯೆತ್ತದೆ ರಾಗಿ ಕೇರಿದವಳ ಮುಖವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ.

"ಓಗ್ತಿತ್ತು ಅತ್ತೆ," ಅಂದೆ. "ಮೂರೇ ಒದೆಗೆ."

ಅವಳು ಆಮೇಲೆ ನಾಲ್ಕು ವರ್ಷ ಬದುಕಿದ್ದಳು. ಆ ನಾಲ್ಕು ವರ್ಷದಲ್ಲಿ ಒಂದು ದಿನವೂ ಮಗನ ಎದುರಿಗೆ ಕೂತು ಉಣ್ಣಲಿಲ್ಲ.